ಮಂತ್ರಿಗಳ ಕೈ, ನನ್ನ ಹೆಗಲು

೧. ಹಾರ

ಗೋವಾದ ಝುವಾರಿನಗರದ ನಮ್ಮ ಸಾಲಿಗೆ ನೀರಿನ ನಳ ಬಂದ ದಿನ ಮಂತ್ರಿಗಳೂ ಬಂದರು. ಹಾರ ಹಾಕಬೇಕಾದ ಪುಢಾರಿ ವೇಳೆಗೆ ಬರಲಿಲ್ಲ. ಗುಂಪಿನಲ್ಲಿ ನಾನೇ ಎತ್ತರ. ಹಾರ ನನ್ನ ಕೈಗೆ ಬಂತು. ವಾಸ್ಕೋ ಬಂದರಿನಲ್ಲಿ ಮೂಟೆ ಹೊರುವವನಿಗೆ ಅದೇನು ಭಾರ? ಹಾಕಿದೆ. ಅಷ್ಟರಲ್ಲಿ ಮಂತ್ರಿಗಳ ಚಪ್ಪಲಿ ನಳದ ಕೆಸರಿನಲ್ಲಿ ಸಿಕ್ಕಿತು. ಬೀಳಬಾರದೆಂದು ನನ್ನ ಹೆಗಲು ಹಿಡಿದು, ಕಿವಿಯ ಹತ್ತಿರ ಬಾಗಿ, ಕೊಂಕಣಿಯಲ್ಲಿ "ತಡಿ, ಚಪ್ಪಲಿ ಸಿಕ್ಕಿದೆ" ಎಂದರು. ಫೋಟೋದವನು ಅದೇ ಗಳಿಗೆಗೆ ಗುಂಡಿ ಒತ್ತಿದ. ಆಮೇಲೆ ಒಂದು ಪ್ರತಿ ನನಗೂ ತಂದುಕೊಟ್ಟ.

ನಳ ನಾಲ್ಕನೆಯ ದಿನ ಒಣಗಿತು. ಫೋಟೋ ಉಳಿಯಿತು.

ಪಕ್ಕದ ಖೋಲಿಯಲ್ಲಿದ್ದ, ಗೋಡೆ ಕಟ್ಟುವ ಗೌಂಡಿ ಅದನ್ನು ಬಹಳ ಹೊತ್ತು ನೋಡಿದ. "ಕಾಕಾ, ಕಿವ್ಯಾಗ ಏನಂದ್ರು?"

"ಚಪ್ಪಲಿ ಸಿಕ್ಕೈತಿ ಅಂದ್ರು."

"ಹೇಳಬ್ಯಾಡ್ರಿ ಬಿಡ್ರಿ. ದೊಡ್ಡವರ ಗುಟ್ಟು ಯಾರು ಬಿಟ್ಟುಕೊಡ್ತಾರ?"

ನಮ್ಮ ಸಾಲಿನ ಯಾವ ಖೋಲಿಗೂ ಕಾಗದ ಇರಲಿಲ್ಲ. ಸರಕಾರದವರು ಯಾವಾಗ ಬಂದು ಕೆಡವುತ್ತಾರೋ ಗೊತ್ತಿರಲಿಲ್ಲ. ಗೌಂಡಿ ತಾನೇ ಮೊಳೆ ತಂದು ಫೋಟೋವನ್ನು ನನ್ನ ಬಾಗಿಲಿಗೆ ಎದುರಾಗಿ ತೂಗುಹಾಕಿದ. "ಕೆಡವಾಕ ಬಂದವನ ಕಣ್ಣಿಗೆ ಮೊದಲು ಇದು ಬೀಳಬೇಕ್ರಿ" ಎಂದ.

೨. ಕುರ್ಚಿ

ಗೌಂಡಿಗೆ ರೇಷನ್ ಕಾರ್ಡು ಆಗಿರಲಿಲ್ಲ. ಎರಡು ವರ್ಷ ಅಲೆದಿದ್ದ. ಒಂದು ದಿನ ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನನ್ನೂ ಎಳೆದುಕೊಂಡು ಕಚೇರಿಗೆ ಹೋದ. ಗುಮಾಸ್ತ ಫೋಟೋ ನೋಡಿದ, ನನ್ನನ್ನು ನೋಡಿದ, ಎದ್ದು ತನ್ನ ಕುರ್ಚಿ ಕೊಟ್ಟ. ಕೂತೆ. ನನಗೆ ಹೇಳುವುದು ಏನೂ ಇರಲಿಲ್ಲ, ಸುಮ್ಮನಿದ್ದೆ. ಅದನ್ನು ಅವನು ಗತ್ತು ಎಂದು ತಿಳಿದ. ಚಹಾ ಮುಗಿಯುವುದರೊಳಗೆ ಕಾರ್ಡು ಬಂತು.

ಹೊರಡುವಾಗ ಗುಮಾಸ್ತ ಕೈ ಹಿಡಿದ. "ಸಾಹೇಬರ ಕಿವಿಗೆ ಒಂದು ಮಾತು ಹಾಕಿ. ನನಗೆ ಪಣಜಿಗೆ ವರ್ಗ ಬೇಕು."

"ಹೂಂ" ಎಂದೆ.

ತಿಂಗಳೊಳಗೆ ವರ್ಗವಾಯಿತು. ಪಣಜಿಗಲ್ಲ, ಕಾಣಕೋಣದ ಆಚೆಯ ಕಾಡಿಗೆ. ಯಾರು ಮಾಡಿದರೋ ನನಗೆ ಗೊತ್ತಿಲ್ಲ. ಅಂದಿನಿಂದ ನಮ್ಮ ಸಾಲಿನಲ್ಲಿ ಒಬ್ಬರೂ ನನ್ನೆದುರು ಬೀಡಿ ಹಚ್ಚಲಿಲ್ಲ.

೩. ಮಂಚ

ನನ್ನ ಹೆಂಡತಿಗೆ ಚಳಿಜ್ವರ ಬಂತು. ಆಸ್ಪತ್ರೆಗೆ ಒಯ್ದೆ. ವಾರ್ಡು ತುಂಬಿತ್ತು, ಅರ್ಧ ಜನ ನೆಲದ ಮೇಲೆ. ಜತೆಗೆ ಬಂದಿದ್ದ ಗೌಂಡಿ ಟವೆಲ್ ಬಿಚ್ಚಿದ. ವಾರ್ಡಿನ ಆಳು ಫೋಟೋ ನೋಡಿದವನೇ ಬಾಗಲಕೋಟೆ ಕಡೆಯ ಒಬ್ಬ ಮುದುಕಿಯನ್ನು ಮಂಚದಿಂದ ಇಳಿಸಿ ಚಾಪೆಯ ಮೇಲೆ ಮಲಗಿಸಿದ. ನಮ್ಮಾಕಿಯನ್ನು ಮಂಚಕ್ಕೆ ಹತ್ತಿಸಿದ.

"ಆ ಆಯಿನ್ನ ಯಾಕ ಇಳಿಸಿದ್ರು?" ಎಂದು ಕೇಳಿದಳು.

"ವಶೀಲಿ" ಎಂದೆ.

ನಡುಗುತ್ತಲೇ ಇಳಿದು ಮುದುಕಿಯ ಪಕ್ಕ ನೆಲದ ಮೇಲೆ ಮಲಗಿದಳು. "ನೀ ಮ್ಯಾಲ ಹತ್ತಬೇ ಆಯಿ" ಎಂದಳು.

"ನಾ ಒಲ್ಲೆವ್ವಾ. ಅದು ಮಂತ್ರಿ ಮಂದಿ ಮಂಚ. ನನ್ನ ಹೊರಗ ಹಾಕ್ತಾರ."

ಬೇರೆ ಯಾರಿಗಾದರೂ ಕೊಡು ಎಂದು ಆಳಿಗೆ ಹೇಳಿದೆ. ಕೊಟ್ಟರೆ ತನ್ನ ನೌಕರಿ ಹೋಗುತ್ತದೆ ಎಂದ. ಎರಡು ದಿನ ಮಂಚ ಖಾಲಿ ಇತ್ತು. ಮೂರನೆಯ ದಿನ ಮುದುಕಿ ನೆಲದ ಮೇಲೆಯೇ ಸತ್ತಳು. ಆಳು ಬಂದು ಮಂಚದ ಚಾದರ ಬದಲಿಸಿದ.

ಮನೆಗೆ ಬಂದ ಮೇಲೆ ನಮ್ಮಾಕಿ ಒಂದೇ ಮಾತು ಹೇಳಿದಳು. "ಆ ಫೋಟೋ ನನ್ನ ಮನ್ಯಾಗ ಇರಬಾರದು."

೪. ಗೋಡೆ

ಗೌಂಡಿಗೆ ಅದೇ ಬೇಕಾಗಿತ್ತು. ಅವನ ಮಗಳನ್ನು ನೋಡಲು ಕಲಂಗುಟ್‌ನಿಂದ ಗಂಡಿನವರು ಬರುವವರಿದ್ದರು. ಫೋಟೋ ಒಯ್ದು ತನ್ನ ಪಡಸಾಲೆಯಲ್ಲಿ ತೂಗುಹಾಕಿದ. ಗಂಡಿನವರು ಹುಡುಗಿಯನ್ನು ಒಂದು ಸಲ ನೋಡಿದರು, ಫೋಟೋವನ್ನು ಮೂರು ಸಲ. ಒಪ್ಪಿಕೊಂಡು ಹೋದರು.

ಮುಂದಿನ ವಾರ ಕೆಡವುವವರು ಬಂದರು. ಮಳೆಗೆ ಇನ್ನು ನಾಲ್ಕು ದಿನ. ಸಾಲಿನ ತುದಿಯಿಂದ ಒಂದೊಂದೇ ಖೋಲಿ ಕೆಡವುತ್ತ ಗೌಂಡಿಯ ಬಾಗಿಲಿಗೆ ಬಂದರು. ಅವರ ಮೇಲಿನ ಸಾಹೇಬ ಒಳಗೆ ಇಣುಕಿ ನಿಂತ.

"ಮಂತ್ರಿಗಳ ಜತೆ ಇರುವವರು ಯಾರು?"

"ನಮ್ಮ ಕಾಕಾರ್ರಿ. ಅಗೋ, ಅಲ್ಲೇ ನಿಂತಾರ."

ಬಂದರಿನಿಂದ ಆಗಷ್ಟೇ ಬಂದಿದ್ದೆ. ತಲೆಯಿಂದ ಕಾಲಿನವರೆಗೆ ಅದಿರಿನ ಕೆಂಪು ಧೂಳು, ಕೈಯಲ್ಲಿ ಮನೆಯೊಳಗಿಂದ ಹೊರಗೆ ತಂದ ರೊಟ್ಟಿ ಹಂಚು. ಸಾಹೇಬ ನನ್ನನ್ನು ನೋಡಿ, "ಸುಳ್ಳು ಹೇಳಬೇಡ. ಅವರ ಕಡೆಯವರು ಹೀಗಿರುತ್ತಾರೇನು?" ಎಂದ. ಆಮೇಲೆ ತನ್ನ ಆಳುಗಳಿಗೆ, "ಇದನ್ನು ಬಿಡಿ. ಮುಂದಿನದು" ಎಂದ.

ಮುಂದಿನದು ನನ್ನದು.

ಗೌಂಡಿ ಫೋಟೋ ಕಿತ್ತುಕೊಂಡು ಓಡಿಬಂದ. "ಇಲ್ಲೇ ಹಚ್ಚತೇನ್ರಿ ಕಾಕಾ, ಆ ಮೊಳಿ ಇನ್ನೂ ಐತಿ." ನಮ್ಮಾಕಿ ಬಾಗಿಲಿಗೆ ಅಡ್ಡ ನಿಂತಳು.

"ಅದು ಒಳಗ ಬರಬಾರದು."

"ಕಾಕೂ, ಮನಿ ಹೋಗತೈತಿ."

"ಹೋಗಲಿ."

ಗೌಂಡಿ ನನ್ನ ಮುಖ ನೋಡಿದ. ನಾನು ಹಂಚು ಕೆಳಗಿಟ್ಟು ಒಳಗೆ ಹೋಗಿ ಹಾಸಿಗೆ ಸುತ್ತಿದೆ.

ಕೆಡವಲು ಅರ್ಧ ಗಂಟೆ ಹಿಡಿಯಿತು. ಅವರು ಹೋದ ಮೇಲೆ ಗೌಂಡಿ ಮೆಲ್ಲಗೆ ಕೇಳಿದ. "ಫೋಟೋ ಒಯ್ತೀರೇನ್ರಿ ಕಾಕಾ?"

"ಗ್ವಾಡಿ ಎಲ್ಲೈತಿ?" ಎಂದೆ.

ಆ ಮಳೆಗಾಲ ನಾವು ಅವನ ಪಡಸಾಲೆಯಲ್ಲಿ ಕಳೆದೆವು. ಮಲಗುವ ಮುಂಚೆ ನಮ್ಮಾಕಿ ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು. ಬೆಳಿಗ್ಗೆ ಗೌಂಡಿ ಎದ್ದು ಮತ್ತೆ ಬಾಗಿಲಿನ ಕಡೆಗೆ ತಿರುಗಿಸುತ್ತಿದ್ದ.