ಕೆಂದಳಿಲಿನ ಹಣೆ ಬೆಳ್ಳಗಾದದ್ದು

ಕಳೆದ ವಿಜಯದಶಮಿಯ ಮರುದಿನ ಬೆಳಿಗ್ಗೆ, ಖಾನಾಪುರದ ಕಾಲೇಜೊಂದರ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ, ಗಾಜಿನ ಪೆಟ್ಟಿಗೆಯೊಳಗಿದ್ದ ಕೆಂದಳಿಲಿನ ಹಣೆ ಬೆಳ್ಳಗಾಗಿರುವುದು ಕಂಡುಬಂತು. ಪೆಟ್ಟಿಗೆ ಮಾಡಿದವರು ನನ್ನ ಸೋದರಮಾವ; ಸಂಗ್ರಹಾಲಯಗಳಿಗೆ ಇಂಥ ಪೆಟ್ಟಿಗೆ ಮಾಡುವುದೇ ಅವರ ಕಸುಬು. ಅಳಿಲು ಸತ್ತು, ಅದರ ಚರ್ಮಕ್ಕೆ ಹತ್ತಿ ತುಂಬಿ ನಿಲ್ಲಿಸಿ ಎಷ್ಟೋ ವರ್ಷಗಳಾದವು. ಅದರ ಆರೋಗ್ಯದ ಚಿಂತೆ ಮಾತ್ರ ಮಾಮಾರನ್ನು ಇನ್ನೂ ಬಿಟ್ಟಿಲ್ಲ!

ಮಾಮಾರ ಲೆಕ್ಕದಲ್ಲಿ ಜಗತ್ತಿನಲ್ಲಿ ಇರುವುದು ಎರಡೇ ಬಗೆ: ಪೆಟ್ಟಿಗೆಯೊಳಗೆ ಇರಬೇಕಾದವರು, ಪೆಟ್ಟಿಗೆಯಿಂದ ದೂರ ಇರಬೇಕಾದವರು. ಪೀರನವಾಡಿಯ ಅವರ ಮನೆಗೆ ಹೋದರೆ ನೀರು ಕೊಡುವ ಮೊದಲು ಪರದೆ ಎಳೆಯುತ್ತಾರೆ. “ಬಿಸಲು ಬಣ್ಣಾ ತಿಂತೈತಿ.” ಯಾರ ಬಣ್ಣ ಎಂದು ಕೇಳುವ ಧೈರ್ಯ ಯಾರಿಗಿದೆ? ಬೀಗರ ವಾಸ್ತುಶಾಂತಿಗೆ ಹೋದ ಮಾಮಾ ದೇವರ ಕೋಣೆ ಬಿಟ್ಟು ಹೊಸ ಕಪಾಟಿನೊಳಗೆ ತಲೆಯಿಟ್ಟು ಮೂಸಿದರು.

“ಪ್ಲೈವುಡ್ಡಿನ ಅಂಟು ಇನ್ನಾ ನಾರತೈತಿ. ಇದರಾಗ ಏನೂ ಇಡಬ್ಯಾಡ್ರಿ.”

“ನಾವು ಸೀರಿ ಇಡತೇವ್ರಿ, ಹುಲಿ ಅಲ್ಲ,” ಎಂದರು ಬೀಗತಿ.

ತೇವ ಹೀರುವ ಸಿಲಿಕಾ ಮಣಿಗಳನ್ನು ರೊಟ್ಟಿ ಹಂಚಿನ ಮೇಲೆ ಕಾಯಿಸಿದ ದಿನವಂತೂ ಮಾಮಿ ಹಂಚನ್ನೇ ಎತ್ತಿ ಅಂಗಳಕ್ಕಿಟ್ಟರು. “ನಿಮ್ಮ ಊಟಾನೂ ಇನ್ನ ಅಳಿಲಿನ ಮನ್ಯಾಗ!”

ಖಾನಾಪುರದ ಮಳೆಗೆ ಗೋಡೆಗೂ ಬೂಸರು ಹಿಡಿಯುತ್ತದೆ. ಆ ಸಂಗ್ರಹಾಲಯದ ಉಳಿದ ಪ್ರಾಣಿಗಳೆಲ್ಲ ಹಾಗೆಯೇ ಹೋದವು. ಉಳಿದದ್ದು ಗುಂಜಿಯ ರಸ್ತೆಯಲ್ಲಿ ಸತ್ತು ಸಿಕ್ಕಿದ್ದ ಈ ಕೆಂದಳಿಲು ಒಂದೇ. ಆ ಮಳೆಗಾಲದಲ್ಲಿ ಅದಕ್ಕೂ ಬೂಸರು ಬಂದರೆ ಸುಟ್ಟು ಕೋಣೆ ಖಾಲಿ ಮಾಡುವುದೆಂದು ಪ್ರಾಚಾರ್ಯರು ಮೊದಲೇ ಹೇಳಿದ್ದರು. ಮಾಮಾ ಬಾಗಿಲ ಸುತ್ತ ರಬ್ಬರು ಕೂಡಿಸಿ, ತಳದಲ್ಲಿ ಮಣಿಗಳ ತಟ್ಟೆಯಿಟ್ಟು, ದೀಪವನ್ನು ಗಾಜಿನ ಹೊರಗೇ ಇರಿಸಿ ಪೆಟ್ಟಿಗೆ ಕಟ್ಟಿದರು. ಮಳೆ ಮುಗಿಯಿತು, ಅಳಿಲಿಗೆ ಏನೂ ಆಗಲಿಲ್ಲ.

ಆಗ ಬಂತು ಪ್ರಾಚಾರ್ಯರ ಫೋನು. “ಹಣಿ ಮ್ಯಾಲೆ ಬೂಸರ ಬಂದೈತ್ರಿ. ಸಂಜೀಕ ಸುಡತೇವಿ.”

ಬೈಕು ನಾನು ಓಡಿಸಿದೆ. ದಾರಿಯುದ್ದಕ್ಕೂ ನನ್ನ ಹೆಗಲ ಮೇಲಿನ ಮಾಮಾರ ಹಿಡಿತ ಬಿಗಿಯಾಗುತ್ತ ಹೋಯಿತು.

ಕಾಲೇಜಿನ ಹಿಂದೆ ಆಗಲೇ ಕಟ್ಟಿಗೆ ಒಟ್ಟಿದ್ದರು. ಸಂಗ್ರಹಾಲಯದ ಬಾಗಿಲಲ್ಲಿ ಪ್ರಾಚಾರ್ಯರು ನಿಂತಿದ್ದರು. ಪಕ್ಕದಲ್ಲಿ ಕೀಲಿಗೊಂಚಲು ಹಿಡಿದು, ಎಲ್ಲರೂ ಮಾವಶಿ ಎನ್ನುವ, ಕಸ ಗುಡಿಸುವ ಹೆಂಗಸು. ಮಾಮಾ ಪೆಟ್ಟಿಗೆ ತೆರೆದರು. ಒದ್ದೆ ವಾಸನೆ ಮುಖಕ್ಕೆ ಬಡಿಯಿತು.

“ಯಾರೂ ಉಸಿರು ಬಿಡಬ್ಯಾಡ್ರಿ! ಉಸಿರಿನಾಗೂ ತೇವ ಐತಿ!”

ಬಿಟ್ಟವರು ಯಾರು? ಉಸಿರು ಹಿಡಿದು ಪ್ರಾಚಾರ್ಯರ ಮುಖ ಕೆಂಪಾಯಿತು. ಮಾಮಾ ಭೂತಗನ್ನಡಿ ಹಿಡಿದು ಬಗ್ಗಿದರು.

“ಸರ್ರ, ಬೂಸರ ಮೂರು ಗೆರಿ ಎಳೀತೈತೇನ್ರಿ?”

ವಿಭೂತಿ! ಅಳಿಲಿನ ಕಾಲ ಬಳಿ ನೀರು ಚಿಮುಕಿಸಿದ ಚೆಂಡುಹೂವು, ಬನ್ನಿ ಎಲೆ. ಎಲ್ಲರೂ ಮಾವಶಿಯತ್ತ ತಿರುಗಿದರು.

“ಮೊನ್ನಿ ಆಯುಧದ ಖಂಡೇ ಪೂಜಾದಾಗ ಕಂಪ್ಯೂಟರಿಗೆ ವಿಭೂತಿ ಹಚ್ಚಿದ್ವಿ, ಜನರೇಟರಿಗೆ ಹಚ್ಚಿದ್ವಿ. ಇದೊಂದನ್ನ ಬಿಟ್ರ ಹೆಂಗ್ರಿ? ನಿನ್ನಿ ದಸರಾದ ಬಂಗಾರಾ ಅಂತ ಬನ್ನೀನೂ ಕೊಟ್ನಿ.”

“ಮಾವಶಿ, ಅದು ಸತ್ತೈತಿ!” ಎಂದರು ಪ್ರಾಚಾರ್ಯರು.

“ಸತ್ತವರಿಗೆ ಹಬ್ಬ ಇಲ್ಲೇನ್ರಿ ಸರ್ರ? ಹಬ್ಬದ ದಿನಾನೂ ಒಬ್ಬಂಟಿ ನಿಂತಿತ್ತು...” ಮಾವಶಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಚ್ಚಿದ ಪೆಟ್ಟಿಗೆಯಲ್ಲಿ ಒದ್ದೆ ಹೂವು! ಮಾಮಾರ ಕಾನೂನಿನಲ್ಲಿ ಇದು ಕೊಲೆಗೆ ಸಮ. ಅವರು ಸಿಡಿಯುವುದನ್ನೇ ಕಾಯುತ್ತ ನಿಂತೆ. ಮಾಮಾ ಮೆತ್ತನೆಯ ಕುಂಚದಿಂದ ವಿಭೂತಿ ಝಾಡಿಸಿದರು. ಹೂವು ತೆಗೆದರು. ಬನ್ನಿ ಎಲೆಗಳನ್ನು ತಮ್ಮ ಅಂಗಿಗೆ ಒರೆಸಿ, ಮಾವಶಿಯ ಕೈಯಲ್ಲಿಟ್ಟರು.

“ತಗೋರಿ ಮಾವಶಿ. ಬಂಗಾರದಂಗ ಇರೂಣು.”

ಅಳಿಲನ್ನು ಸುಡಲಿಲ್ಲ. ಮುಂದಿನ ವಾರ ಮಾಮಾ ಪೆಟ್ಟಿಗೆಯ ಹೊರಗೆ, ಗಾಜಿನಿಂದ ಗೇಣು ದೂರದಲ್ಲಿ, ಚಿಕ್ಕದೊಂದು ಹಲಗೆ ಕೂಡಿಸಿದರು. ಅದು ಬನ್ನಿ ಇಡಲು.