ರೇಷ್ಮೆ ಸೀರೆಯ ಇಂಗ್ಲಿಷ್ ಕ್ಲಾಸು

ಬೇರೆಯವರು ಸಂಶೋಧನೆ ಮಾಡಿದರೆ ಪ್ರಬಂಧವಾಗುತ್ತದೆ, ನಾನು ಮಾಡಿದರೆ ಸಂಸಾರವಾಗುತ್ತದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಮದ್ರಾಸಿನ ಪೋರೂರಿನಲ್ಲಿದ್ದ ನಮ್ಮ ಫ್ಲಾಟಿನ ಗೃಹಿಣಿಯರಿಗೆ ಮಧ್ಯಾಹ್ನ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ವ್ಯಾಕರಣವಿಲ್ಲದೆ ಬರೀ ಹರಟೆಯಿಂದಲೇ ಇಂಗ್ಲಿಷ್ ಬರುತ್ತದೆ ಎಂದು ತೋರಿಸಿದರೆ ನನಗೆ ಪಿಎಚ್.ಡಿ.

ಟೇಪ್ ರೆಕಾರ್ಡರ್

ಸಹಜವಾದ ಮಾತು ಬೇಕೆಂದು ಮಧ್ಯದಲ್ಲಿ ಟೇಪ್ ರೆಕಾರ್ಡರ್ ಇಟ್ಟೆ. ರೆಕಾರ್ಡಿಂಗ್ ಎಂದು ಕೇಳಿದ್ದೇ ತಡ, ಎಲ್ಲರೂ ರೇಷ್ಮೆ ಸೀರೆಯುಟ್ಟು ಮಲ್ಲಿಗೆ ಮುಡಿದು ಬಂದರು. ಟೇಪಿನಲ್ಲಿ ಸೀರೆ ಕಾಣುವುದಿಲ್ಲ ಎಂದೆ. ಸೀರೆ ಟೇಪಿಗಲ್ಲ, ಧೈರ್ಯಕ್ಕೆ ಎಂದರು.

ಮಂಡ್ಯದಿಂದ ಬಂದಿದ್ದ ಮೂಲೆ ಮನೆಯಾಕೆಗೆ ಮಾತ್ರ ಸೀರೆಯಿಂದಲೂ ಧೈರ್ಯ ಬರಲಿಲ್ಲ. ಆಕೆಯ ಸರದಿಯಲ್ಲೆಲ್ಲ ಟೇಪಿನಲ್ಲಿ ಬಳೆಯ ಸದ್ದು ಮಾತ್ರ. ಯಾಕಮ್ಮಾ ಎಂದು ಕೇಳಿದರೆ, "ಮಾತಾಡೋವಂತ ಇಸ್ಯ ಬರ್ಲಿ ತಗಳಿ ಅಕ್ಕ, ಆಗ ಆಡ್ತೀನಿ" ಎಂದಳು.

ಮೊದಲ ಪರೀಕ್ಷೆ

ಪಾಠಕ್ಕೆ ಮುಂಚೆ ಒಂದು ಪರೀಕ್ಷೆ, ಮುಗಿದ ಮೇಲೆ ಇನ್ನೊಂದು. ಮೊದಲನೆಯದರಲ್ಲಿ ಎಲ್ಲರೂ ನೆಲಕಚ್ಚಿದರು. ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡದ ಮಾಮಿಯಂತೂ ಖಾಲಿ ಹಾಳೆ ಕೊಟ್ಟಿದ್ದರು. ಮರುವಾರ ಅದೇ ಮಾಮಿ ಫೋನಿನಲ್ಲಿ ಗ್ಯಾಸ್ ಏಜೆನ್ಸಿಯವನಿಗೆ ಇಂಗ್ಲಿಷಿನಲ್ಲಿ ನೀರಿಳಿಸುತ್ತಿದ್ದುದು ಕಿವಿಗೆ ಬಿತ್ತು. ಹಿಡಿದು ಕೇಳಿದೆ. ಮಾಮಿ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ನನಗೇ ಸಮಾಧಾನ ಹೇಳಿದರು.

"ಮೊದ್ಲು ಕಮ್ಮಿ, ಆಮೇಲೆ ಜಾಸ್ತಿ ಬಂದ್ರೆ ತಾನೆ ನಿಂಗೆ ಡಾಕ್ಟರ್ ಪಟ್ಟ? ಯಾವಾಗ ಮುಗಿಯತ್ತೆ ಅಂತ ನಿಮ್ಮತ್ತೆ ದಿನಾ ಕೇಳ್ತಿದಾರೆ. ನೀ ಚಿಂತೆ ಕವಲೆ ಪಡಬೇಡಮ್ಮಾ, ತಪ್ಪಾಗೇ ಬರೀರಿ ಅಂತ ಎಲ್ಲಾರಿಗೂ ಹೇಳಿ ವೆಚ್ಚಿದೀನಿ."

ಬೈಯಬೇಕೆಂದು ಬಾಯಿ ತೆರೆದವಳು ಕೈಮುಗಿದೆ. ಇಷ್ಟು ಪ್ರೀತಿಯಿಂದ ನನ್ನ ಸಂಶೋಧನೆಯನ್ನು ಯಾರೂ ಹಾಳು ಮಾಡಿರಲಿಲ್ಲ. ಹೊಸ ಪ್ರಶ್ನೆಪತ್ರಿಕೆ ಮಾಡಿ ಮತ್ತೆ ಪರೀಕ್ಷೆ ಇಟ್ಟೆ, ಇಂಗ್ಲಿಷ್ ಬರುವ ಮಾಮಿಯನ್ನು ಪಟ್ಟಿಯಿಂದ ಕೈಬಿಟ್ಟೆ. ಅವರು ಮುನಿಸಿಕೊಂಡು ಒಂದು ವಾರ ಕಾಫಿ ಕೊಡಲಿಲ್ಲ.

ವೈವಾ

ಪ್ರಬಂಧ ಮುಗಿಯಿತು. ಕೊನೆಯ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು. ನಮ್ಮವರು ಬಿಡುತ್ತಾರೆಯೇ? ಪೋರೂರಿನಿಂದ ಬಸ್ಸು ಹತ್ತಿ, ರೇಷ್ಮೆ ಸೀರೆಯಲ್ಲೇ ಬಂದು ಹಿಂದಿನ ಸಾಲು ತುಂಬಿದರು. ನನಗೋ ಹೆದರಿಕೆಗೆ ಬೆಳಗಿನಿಂದ ಒಂದು ಇಡ್ಲಿಯೂ ಇಳಿದಿರಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತಾ ಸರಿಯಾದ ಜಾಗಕ್ಕೇ ಕೈಹಾಕಿದರು. ಇಲ್ಲೊಬ್ಬಾಕೆ ಕೊನೆಯವರೆಗೂ ಬಾಯಿಯೇ ಬಿಟ್ಟಿಲ್ಲವಲ್ಲ, ನಿಮ್ಮ ವಿಧಾನ ಗೆದ್ದಿತು ಎಂದು ಹೇಗೆ ನಂಬುವುದು ಎಂದರು. ನಾನು ನನ್ನ ಪ್ರತಿಯ ಪುಟಗಳನ್ನು ಸುಮ್ಮನೆ ತಿರುವಿದೆ. ಇಷ್ಟು ವರ್ಷದ ಕೆಲಸ ನೀರಿನಲ್ಲಿ ಹೋಮವಾಯಿತು ಎಂದುಕೊಂಡೆ. ಕಣ್ಣು ತುಂಬಿತು.

ಆಗ ಹಿಂದಿನಿಂದ ಬಳೆಯ ಸದ್ದು ಕೇಳಿಸಿತು. ಮೂಲೆ ಮನೆಯಾಕೆ ಎದ್ದು ನಿಂತಿದ್ದಳು. ಕೈಯಲ್ಲಿ ಟಿಫಿನ್ ಡಬ್ಬಿ.

"ಸಾರ್, ಷಿ ನೋ ಟಿಫಿನ್ ಮಾರ್ನಿಂಗ್. ಐ ಬ್ರಿಂಗ್ ಕರ್ಡ್ ರೈಸ್. ಫಸ್ಟ್ ಷಿ ಈಟ್. ಆಫ್ಟರ್, ಯು ಆಸ್ಕ್."

ಪರೀಕ್ಷಕರು ಕನ್ನಡಕ ತೆಗೆದು, ಇವರು ಯಾರು ಎಂದು ನನ್ನನ್ನು ಕೇಳಿದರು.

"ಅದೇ, ಬಾಯಿ ಬಿಡದವರು ಸಾರ್" ಎಂದೆ.

ಅವರು ಪ್ರಬಂಧ ಮುಚ್ಚಿಟ್ಟು, ಹೋಗಿ ಊಟ ಮಾಡಿ ಡಾಕ್ಟರೇ ಎಂದರು.