ಹುಡುಗಿ ಹೇಗೆ, ಮನೆಯವರು ಹೇಗೆ?

ಮೈಸೂರಿನಲ್ಲಿ ಎಷ್ಟು ಜನ ಕಳ್ಳರಿದ್ದಾರೋ ನನಗೆ ತಿಳಿಯದು. ಆದರೆ ಅವರಲ್ಲಿ ಅರ್ಧಕ್ಕರ್ಧ ಜನ ನಮ್ಮ ಸೋದರಮಾವನನ್ನು ಕಂಡರೆ ನಿಂತು ನಮಸ್ಕಾರ ಮಾಡುತ್ತಾರೆ! ತಪ್ಪು ತಿಳಿಯಬೇಡಿ. ಮಾವ ಪಕ್ಕದ ಮನೆಯ ಕರಿಬೇವಿನ ಎಸಳನ್ನೂ ಕೇಳದೆ ಕಿತ್ತವರಲ್ಲ. ಅವರಿಗಿರುವುದು ಒಂದೇ ಚಟ, ಜಾಮೀನು ಕೊಡುವುದು. ಬೇರೆಯವರ ಮಾವಂದಿರು ಇಸ್ಪೀಟಾಡುತ್ತಾರೆ, ಕೆರೆ ಸುತ್ತುತ್ತಾರೆ. ನಮ್ಮ ಮಾವ ಊರಲ್ಲಿರುವ ಚೂರು ಜಮೀನಿನ ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಕೋರ್ಟಿನ ಆವರಣದಲ್ಲಿ ಕೂರುತ್ತಾರೆ. ಯಾರಾದರೂ ಅತ್ತರೆ ಸಾಕು, ಎದ್ದು ಹೋಗಿ ಸಹಿ ಹಾಕುತ್ತಾರೆ.

ಒಮ್ಮೆ ಅಂಥ ಆಸಾಮಿಯೊಬ್ಬ ಪರಾರಿಯಾದ. ನ್ಯಾಯಾಧೀಶರು ಮಾವನನ್ನು ಕರೆಸಿ, "ಅವನು ನಿಮಗೆ ಏನಾಗಬೇಕು?" ಎಂದರು.

"ಏನೂ ಆಗ್ಬೇಕಿಲ್ಲ ಸ್ವಾಮಿ. ಅಳ್ತಿದ್ದ."

ಇದಾದರೂ ಪರವಾಗಿಲ್ಲ. ಇನ್ನೊಮ್ಮೆ ಮಾವನ ಸೈಕಲ್ಲೇ ಕಳುವಾಯಿತು. ದೂರು ಕೊಟ್ಟರು, ಕಳ್ಳ ಸಿಕ್ಕಿಬಿದ್ದ. ಮಾವನನ್ನು ಕಂಡವನೇ, "ಮನೇಲಿ ಬಾಣಂತಿ ಅವ್ಳೆ ಬುದ್ಧಿ" ಎಂದು ಗೋಳೋ ಎಂದ. ಅವನಿಗೆ ಜಾಮೀನು ಕೊಟ್ಟವರು ಯಾರು? ಬೇರೆ ಹೇಳಬೇಕೆ! ಕಳ್ಳ ಹೊರಗೆ ಬಂದ, ಸೈಕಲ್ ಮಾತ್ರ ಸಾಕ್ಷಿಯೆಂದು ಸ್ಟೇಷನ್ನಿನಲ್ಲೇ ಉಳಿಯಿತು. ಬಿಸಿಲಲ್ಲಿ ನಡೆದು ಬಂದ ತಮ್ಮನಿಗೆ ಅಮ್ಮ ಬೈದರೆ, "ಸೈಕಲ್‌ಗೇನು ಹೆಂಡ್ತಿ ಮಕ್ಕಳಾ, ಬುಡಕ್ಕ" ಎಂದರು.

ಹೀಗೆ ನಗುತ್ತಿದ್ದ ನಾವು ಗಂಭೀರರಾದದ್ದು ನನಗೆ ಕೇಂದ್ರ ಸರ್ಕಾರದ ಕೆಲಸ ಸಿಕ್ಕಾಗ. ರಹಸ್ಯ ಕಡತಗಳ ವಿಭಾಗ! ಆದೇಶ ಕೊಡುವ ಮೊದಲು ಪೊಲೀಸರು ನನ್ನದಷ್ಟೇ ಅಲ್ಲ, ಮನೆಯವರ ನಡತೆ, ಒಡನಾಟ ಎಲ್ಲವನ್ನೂ ಜಾಲಾಡುತ್ತಾರಂತೆ. ಸರಸ್ವತಿಪುರಂನ ಟ್ಯುಟೋರಿಯಲ್‌ಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಓದಿ ಓದಿ ಪಡೆದ ಕೆಲಸ ಅದು. ಕಳ್ಳರ ಸಹವಾಸದ ಮನೆ ಎಂದು ಯಾರಾದರೂ ಬರೆದುಬಿಟ್ಟರೆ ಗತಿಯೇನು? ನನಗೆ ಅನ್ನ ಇಳಿಯುತ್ತಿರಲಿಲ್ಲ. ಅಮ್ಮ ಮಾವನಿಗೆ ಕಟ್ಟಪ್ಪಣೆ ಮಾಡಿದಳು: "ವಿಚಾರಣೆ ಮುಗಿಯೋ ತಂಕ ನೀನು ಹಗಲೊತ್ತು ಮನೇಲಿರಬ್ಯಾಡ ಕಣೋ."

ಮಾವ ವಿಧೇಯರಾಗಿ ಎದ್ದು ಹೋಗಿ, ಕುಂಬಾರಕೊಪ್ಪಲಿನ ನಮ್ಮ ಬೀದಿ ತುದಿಯ ಟೀ ಅಂಗಡಿಯಲ್ಲಿ ಕೂತರು. ವಿಚಾರಿಸಲು ಬರುವವರು ಮೊದಲು ಕಾಲಿಡುವುದೇ ಟೀ ಅಂಗಡಿಗೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಬೇಡವೇ!

ಮುಂದಿನದನ್ನು ನನಗೆ ಅಭಿನಯಸಹಿತ ಹೇಳಿದವರು ಅಂಗಡಿಯವರು. ಮಫ್ತಿಯಲ್ಲಿ ಬಂದ ಅಧಿಕಾರಿ ಬೆಂಚಿನ ಮೇಲಿದ್ದ ಮಾವನನ್ನೇ ಕೇಳಿದರಂತೆ: "ಯಜಮಾನ್ರೇ, ಆ ನೀಲಿ ಗೇಟಿನ ಮನೆ ಹುಡುಗಿ ಹೇಗೆ? ಮನೆಯವರು ಹೇಗೆ?"

ನಮ್ಮ ಕಡೆ ಅಪರಿಚಿತರು ಹೀಗೆ ಕೇಳಿದರೆ ಇನ್ನೇನು? ಗಂಡಿನ ಕಡೆಯವರೇ! ಮಾವ ಸ್ಪೆಷಲ್ ಟೀ ಹೇಳಿದರು.

"ಬಂಗಾರದಂಥ ಹುಡುಗಿ ಸ್ವಾಮಿ. ಮುದ್ದೆ ಮಾತ್ರ ಗಂಟಾಯ್ತದೆ, ಕಲಿತ್ಕತಾಳೆ."

"ಹೊರದೇಶದವರ ಸಂಪರ್ಕ ಏನಾದ್ರೂ?"

"ಅಯ್ಯೋ, ಅವ್ಳು ಮಂಡ್ಯಾನೇ ಸರ್ಯಾಗಿ ನೋಡಿಲ್ಲ! ಅದಿರ್ಲಿ, ಹುಡುಗ ಕುಡಿಯಾಕಿಲ್ಲ ತಾನೆ?"

"ಯಾವ ಹುಡುಗ? ಬಂದಿರೋನು ನಾನೊಬ್ನೇ."

"ಅಂದ್ರೆ ನಿಮಗೇನಾ?"

"ನನಗೆ ಮದುವೆಯಾಗಿ ಎರಡು ಮಕ್ಕಳಿವೆ ಕಣ್ರೀ!"

"ಎರಡ್ನೇ ಸಂಬಂಧಾನಾ! ಎದ್ದೇಳ್ರೀ ಮೇಲೆ! ಆ ಟೀ ಮಡಗಿ!"

ಅಧಿಕಾರಿ ಗುರುತಿನ ಚೀಟಿ ತೋರಿಸಿದಾಗ ಮಾವನ ಮುಖ ಇಷ್ಟೇ ಇಷ್ಟಾಯಿತಂತೆ. ನಾನು ಅಂಗಡಿಯ ಕಂಬ ಹಿಡಿದುಕೊಂಡು ನಗುತ್ತಿದ್ದೆ. ಅಂಗಡಿಯವರು ಮಾತ್ರ ಅಭಿನಯ ನಿಲ್ಲಿಸಿದರು.

"ಆಮೇಲೆ ಅವ್ರು, ಜಾಮೀನು ಕೊಡೋ ಮಾವ ಒಬ್ರು ಆ ಮನೇಲಿ ಇದಾರಂತಲ್ಲ, ಅಂದ್ರು ಕಣಮ್ಮ. ಅದಕ್ಕೆ ನಿಮ್ಮ ಮಾವ ಏನಂದ್ರು ಗೊತ್ತಾ? 'ಮಾವ ಅಲ್ಲ ಸ್ವಾಮಿ ಅವ್ನು. ಎಲ್ಲಿಂದ್ಲೋ ಬಂದು ಸೇರ್ಕಂಡವ್ನೆ. ಅವ್ನಿಗೂ ಆ ಹುಡುಗಿಗೂ ಮಾತೇ ಇಲ್ಲ. ಅವ್ನ ದೆಸೆಯಿಂದ ಆ ಕೂಸಿನ ಕೆಲಸಕ್ಕೆ ಕಲ್ಲು ಹಾಕ್ಬ್ಯಾಡಿ' ಅಂದ್ಬುಟ್ರು."

ನನ್ನ ನಗು ನಿಂತುಹೋಯಿತು. ಅಪ್ಪ ತೀರಿಕೊಂಡಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ನನಗೆ ಜ್ವರ ಬಂದರೆ ಅಮ್ಮನಿಗಿಂತ ಮೊದಲು ಏಳುತ್ತಿದ್ದವರು, ಹೆಗಲ ಮೇಲೆ ಕೂರಿಸಿಕೊಂಡು ಜಂಬೂಸವಾರಿ ತೋರಿಸಿದವರು, ನನಗೆ ಏನೂ ಅಲ್ಲವಂತೆ!

ಅಧಿಕಾರಿ ಸಂಜೆ ಮನೆಗೆ ಬರುವವರಿದ್ದರು. ಮಾವ ಹಿಂದಿನ ಓಣಿಯಲ್ಲಿ ಗೋಡೆಗೊರಗಿ ನಿಂತಿದ್ದರು. ಕೈ ಹಿಡಿದು ಎಳೆತಂದು ಹಜಾರದ ಕುರ್ಚಿಯಲ್ಲಿ ಕೂರಿಸಿದೆ. "ಕೆಲಸ ಹೋಯ್ತದೆ ಕಣೇ, ಹುಚ್ಚಿ!" ಎಂದಳು ಅಮ್ಮ. ಹೆದರಿಕೆ ನನಗೂ ಇತ್ತು.

ಅಧಿಕಾರಿ ಬಂದರು. ಮಾವನನ್ನು ನೋಡಿದರು. "ಇವರು?"

"ನಮ್ಮ ಮಾವ ಸರ್. ನನ್ನನ್ನು ಸಾಕಿದ್ದು ಇವರೇ. ಹಾಗಂತಲೇ ಬರ್ಕೊಳ್ಳಿ."

ಮುಂದೆ ಆದೇಶ ಬಂತು, ನಾನು ಕೆಲಸಕ್ಕೂ ಸೇರಿದೆ. ಆದರೆ ಆ ಸಂಜೆ ಅದು ಯಾರಿಗೆ ಗೊತ್ತಿತ್ತು? ಅಧಿಕಾರಿ ಪೆನ್ನು ಹಿಡಿದು ಮಾವನ ಕಡೆ ತಿರುಗಿದರು. "ಏನ್ ಯಜಮಾನ್ರೇ, ನಿಮಗೂ ಹುಡುಗಿಗೂ ಮಾತೇ ಇಲ್ಲ ಅಂದಿದ್ರಿ?"

ಮಾವ ತಲೆ ಎತ್ತಲಿಲ್ಲ. "ಇಲ್ಲ ಅಂತ ನಾನಂದೆ ಸ್ವಾಮಿ," ಎಂದರು, ಟವಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ಅವ್ಳು ಒಪ್ಪಾಕಿಲ್ಲ ಅಂತಾಳೆ."